ಕೊತ್ವಾಲನಿಗೆ ಜೋಗುಳ

ನಗು ಬಂದರೆ ಅಕ್ಕನ ಬಾಯಿ ತೆರೆಯುವ ಮೊದಲೇ ಅವಳ ಕಿವಿಯ ಬುಗುಡಿ ಅಲುಗಲು ಶುರುವಾಗುತ್ತಿತ್ತು. ಆಮೇಲೆ ಭುಜ, ಆಮೇಲೆ ಹೊಟ್ಟೆ, ಎಲ್ಲಕ್ಕಿಂತ ಕೊನೆಗೆ ಬಾಯಿ. ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದಿ ಇತ್ತು. ನಗು ಆ ಸಂದಿಯಿಂದ ಸೀಟಿ ಹೊಡೆದುಕೊಂಡು ಹೊರಗೆ ಬೀಳುತ್ತಿತ್ತು. ಓಣಿಯ ಆ ತುದಿಯಲ್ಲಿ ಎಮ್ಮೆ ಹಿಂಡುತ್ತಿದ್ದವರು ಕೂಡ, "ಮಾಸ್ತರ ಮನಿಯಾಗ ಏನೋ ನಡದೈತಿ" ಎಂದು ಕತ್ತು ತಿರುಗಿಸಿ ನೋಡುತ್ತಿದ್ದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಹಿರಿಯ ನೆಗೆಣ್ಣಿ. ನೆಗೆಣ್ಣಿ ಎಂದ ಕೂಡಲೇ ಒಲೆಯ ಮುಂದೆ ಜಗಳ, ಮಜ್ಜಿಗೆ ಗಡಿಗೆಯ ಮುಂದೆ ಜಗಳ ಎಂದು ನಗುವವರಿದ್ದಾರೆ. ನಗಲಿ, ನನಗೇನು. ಅಂಥ ನೆಗೆಣ್ಣಿ ಅವರಿಗೆ ಸಿಕ್ಕಿರಲಿಲ್ಲ, ನನಗೆ ಸಿಕ್ಕಿದ್ದಳು.

ನಾನು ಬೇವೂರಿನಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕ ಮುಗಿಯುತ್ತ ಬಂದಾಗ. ನನ್ನ ತವರಿನಲ್ಲಿ ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು. ಕೇಳಿದ್ದಕ್ಕೆ ಹೂಂ, ಹೇಳಿದ್ದಕ್ಕೆ ಹೂಂ, ಅಷ್ಟೇ. ಬಂದ ಮರುದಿನವೇ ಮರದ ಕೊಣಮಿಗೆಯ ಮುಂದೆ ಕುಳಿತು ಹಿಟ್ಟು ನಾದುತ್ತ ಅಳುತ್ತಿದ್ದೆ. ಹೊಸ ಮನೆ, ಹೊಸ ಮಂದಿ, ಅತ್ತೆಯ ಮುಖ ನೋಡಲೂ ಹೆದರಿಕೆ. ಅಕ್ಕ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಅಳೂದಿದ್ರ ಹಿಟ್ಟಿನ ಮ್ಯಾಲೆ ಅಳಬ್ಯಾಡ ತಂಗೆವ್ವ, ರೊಟ್ಟಿ ಉಪ್ಪಾಗತಾವು. ಅತ್ತಿಗೆ ಉಪ್ಪು ಆಗಿಬರೂದಿಲ್ಲ. ಅತ್ಲಾಗ ಬೂದಿ ಮ್ಯಾಲೆ ಅಳು" ಎಂದಳು. ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟೆ. ಆ ಮನೆಯಲ್ಲಿ ನನ್ನ ಬಾಯಿಂದ ಹೊರಬಿದ್ದ ಮೊದಲ ಸದ್ದು ಅದು.

ಅಕ್ಕನಿಗೆ ಸುಮ್ಮನೆ ಇರಲು ಬರುತ್ತಿರಲಿಲ್ಲ. ಬಾವಿಗೆ ಹೋಗಿ ಒಂದು ಕೊಡ ನೀರು ತಂದರೂ ಅದೊಂದು ಕಥೆ. ಯಾರು ಸಿಕ್ಕರು, ಯಾರ ಮುಖ ಏಕೆ ಊದಿಕೊಂಡಿತ್ತು, ಯಾರ ಕೋಳಿ ಯಾರ ಹಿತ್ತಿಲಲ್ಲಿ ಮೊಟ್ಟೆ ಇಟ್ಟು ಬಂತು, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳುತ್ತಿದ್ದಳು. ರೊಟ್ಟಿ ಬಡಿಯುವ ತಾಳಕ್ಕೆ ಕಥೆ, ಕಥೆಯ ತಾಳಕ್ಕೆ ರೊಟ್ಟಿ. ಕಥೆ ಜೋರಿಗೆ ಬಂದಾಗ ರೊಟ್ಟಿ ಅಗಲವಾಗಿ ಹಂಚಿನ ಹೊರಗೆ ಜೋತುಬೀಳುತ್ತಿತ್ತು. ಅತ್ತೆ ಪಡಸಾಲೆಯಿಂದ, "ಕಥಿ ಸಣ್ಣದು ಮಾಡಬೇ, ರೊಟ್ಟಿ ಹರೀತಾವು" ಎಂದು ಗದರುತ್ತಿದ್ದರು. ಗದರಿದರೂ ಕಿವಿ ಮಾತ್ರ ಈಚೆ ಕಡೆಗೇ ಇರುತ್ತಿತ್ತು. ಅಕ್ಕ ನನ್ನತ್ತ ಕಣ್ಣು ಮಿಟುಕಿಸಿ, "ಬಾಯಿ ಮುಚ್ಚಿ ಕುಂತ್ರ ಒಳಗ ಜ್ಯಾಡ ಬಲಿ ಕಟ್ಟತಾವವ್ವ" ಎಂದು ಮುಂದುವರಿಸುತ್ತಿದ್ದಳು.

ಅವಳಿಗೆ ಉರ್ದು ನೀರು ಕುಡಿದಷ್ಟು ಸಲೀಸು. ಅವಳ ತಂದೆ ಹೈದರಾಬಾದಿನಲ್ಲಿ ಬಹಳ ವರ್ಷ ಗುಮಾಸ್ತಿಕೆ ಮಾಡಿದ್ದರು. ಅಲ್ಲಿಯ ಗಲ್ಲಿಯ ಹುಡುಗಿಯರ ಜೊತೆ ಕುಂಟಾಟ ಆಡುತ್ತ ಕಲಿತ ಭಾಷೆ. ಅವಳ ಗಂಡ, ನನ್ನ ಭಾವ, ಸರ್ಕಾರಿ ಶಾಲೆಯ ಮಾಸ್ತರರು. ಆಗ ನಮ್ಮ ಸೀಮೆ ಹೈದರಾಬಾದಿನ ಆಳ್ವಿಕೆಯಲ್ಲಿತ್ತು, ಶಾಲೆ, ಠಾಣೆ, ಕಚೇರಿ ಎಲ್ಲ ಉರ್ದುವಿನಲ್ಲೇ. ಭಾವ ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಹಿರಿಯರ ಮುಂದೆ ಗಂಡ ಹೆಂಡತಿಯನ್ನು ಮಾತಾಡಿಸುವ ರೂಢಿ ಇರಲಿಲ್ಲವಾದ್ದರಿಂದ ಅವರಿಗೆ ಏನು ಬೇಕಾದರೂ ತಾಯಿಗೆ ಹೇಳುತ್ತಿದ್ದರು, ಅಕ್ಕನೂ ಅತ್ತೆಗೆ ಹೇಳುತ್ತಿದ್ದಳು. ಮಧ್ಯದಲ್ಲಿ ಅತ್ತೆ, "ನಾನೇನು ನಿಮ್ಮ ಟಪಾಲಿನಂವನೇನು?" ಎಂದು ರೇಗುತ್ತಿದ್ದರು.

ಹೀಗಿರುವಾಗ ಊರಿಗೆ ಬಯಸ್ಕೋಪು ಬಂತು. ಹೊಳೆಯಾಚೆ ಹೊಸಪೇಟೆ ಕಡೆಯ ಸಾಹುಕಾರನೊಬ್ಬ ಅರಳೆ ಗಿರಣಿಯ ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು, ಕಿಟಕಿಗಳಿಗೆ ಕರಿ ಕಂಬಳಿ ಹೊಡೆದು, ಹಗಲಲ್ಲೇ ಕತ್ತಲೆ ಮಾಡಿದ. ಶುಕ್ರವಾರ ಮಧ್ಯಾಹ್ನದ ಆಟ ಹೆಂಗಸರಿಗೆ ಮಾತ್ರ. ಒಳಗೆ ಗಂಡುಪಿಳ್ಳೆ ಕಾಲಿಡುವಂತಿಲ್ಲ. ಯಂತ್ರ ತಿರುಗಿಸುವವನು ಕೂಡ ಹಿಂದಿನ ಗೋಡೆಯ ಆಚೆ, ಒಂದು ತೂತಿನಿಂದ ಬೆಳಕು ಬಿಡಬೇಕು. ಆ ಬೆಳಕಿನಲ್ಲಿ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ಒಬ್ಬಳು ಸೀನಿದರೆ ಸಾಲಿಗೆ ಸಾಲೇ ಸೀನುತ್ತಿತ್ತು. ಆದರೂ ಅದೇನು ಸಂಭ್ರಮ! ಬೆಳಗ್ಗೆಯೇ ರೊಟ್ಟಿ ಪಲ್ಯ ಮುಗಿಸಿ, ತಲೆ ಬಾಚಿ, ಇಳಕಲ್ ಸೀರೆ ಉಟ್ಟು ಹೊರಡುತ್ತಿದ್ದೆವು. ಭಾಗ್ಯನಗರದ ನೇಕಾರ ಹೆಂಗಸರು ಮಗ್ಗ ಬಿಟ್ಟು ಬರುತ್ತಿದ್ದರು. ವಾರದಲ್ಲಿ ನಮಗೆಲ್ಲ ಮನೆಯ ಹೊರಗಿನ ಗಾಳಿ ಎಂದರೆ ಅದೊಂದೇ ಹೊತ್ತು.

ತೊಂದರೆ ಒಂದೇ, ಪರದೆಯ ಮೇಲಿನ ಮಂದಿ ಮಾತಾಡುವುದು ಹಿಂದುಸ್ತಾನಿ. ನಮಗೆ ಒಂದಕ್ಷರ ತಿಳಿಯದು. ಮೊದಲ ಶುಕ್ರವಾರ ಅಕ್ಕ ಅತ್ತೆಗೂ ನನಗೂ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹಿಂದಿನವರು ಬೆನ್ನು ತಿವಿದು, "ಯವ್ವಾ, ನಮಗೂ ಕೇಳೂಹಂಗ ಹೇಳಬೇ, ಪುಣ್ಯ ಬರತೈತಿ" ಎಂದರು. ಅವರ ಹಿಂದಿನವರು ಅವರನ್ನು ತಿವಿದರು. ಕೆಲವು ವಾರಗಳಲ್ಲಿ ಅಕ್ಕ ಪರದೆಯ ಪಕ್ಕದಲ್ಲೇ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋದಾಮಿಗೆಲ್ಲ ಕೇಳುವಂತೆ ಕಥೆ ಹೇಳತೊಡಗಿದ್ದಳು. ಪರದೆಯ ಮೇಲಿನ ಮುಂಬಯಿ ಅವಳ ಬಾಯಲ್ಲಿ ಗಂಗಾವತಿ ಆಗುತ್ತಿತ್ತು. ನಾಯಕಿ ರೈಲು ಹತ್ತಿದರೆ, "ಹುಲಿಗೆಮ್ಮಗ ಹರಕಿ ಐತಿ, ಹೊಂಟಾಳ" ಎನ್ನುತ್ತಿದ್ದಳು. ಹೆಂಗಸರು ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. ಸಾಹುಕಾರನಂತೂ, ನಮ್ಮ ಮನೆಯವರಿಂದ ಟಿಕೀಟು ಕೇಳುವುದನ್ನೇ ಬಿಟ್ಟ.

ಒಂದು ಸಲ ದೊಡ್ಡ ಚಿತ್ರ ಬರುತ್ತದೆಂದು ಸುದ್ದಿಯಾಯಿತು. ಯಾವುದೋ ಮಹಾನಗರದ ಕೊತ್ವಾಲನ, ಅಂದರೆ ಇಡೀ ನಗರದ ಪೊಲೀಸರಿಗೆಲ್ಲ ಒಡೆಯನಾದವನ, ಹುಟ್ಟಿದಾಗಿನಿಂದ ಸಾಯುವವರೆಗಿನ ಜೀವನದ ಕಥೆ. ಬಡ ವಿಧವೆಯ ಮಗ, ಬರಿಗಾಲಿನ ಜವಾನನಾಗಿ ಸೇರಿ, ಕೊನೆಗೆ ನವಾಬರೂ ಎದ್ದು ಸಲಾಮು ಮಾಡುವಂತಾದವನು. ಚಿತ್ರಪಟವನ್ನು ಚಕ್ಕಡಿಯ ಮೇಲೆ ನಿಲ್ಲಿಸಿ, ಹಲಗೆ ಬಾರಿಸಿಕೊಂಡು ಓಣಿ ಓಣಿ ತಿರುಗಿಸಿದರು. ನಮ್ಮ ಮನೆಯ ಮುಂದೆ ಬಂದಾಗ ಹೆಂಗಸರೆಲ್ಲ ಹೊರಗೆ ಬಂದರು. ಖಾಕಿ ಹಾಕಿ ಮೀಸೆ ತಿರುವಿ ನಿಂತವನನ್ನು ನೋಡಿದ್ದೇ ತಡ, ಅಕ್ಕನ ಬುಗುಡಿ ಅಲುಗಿತು.

"ಯವ್ವಾ ನೋಡ್ರಬೇ! ಹೋದ ವಾರ ಇವನ ಕಳ್ಳ ಇದ್ದ, ಈ ವಾರ ಕೊತ್ವಾಲ ಆಗ್ಯಾನ!"

ನಿಜವೇ. ಹಿಂದಿನ ಶುಕ್ರವಾರದ ಚಿತ್ರದಲ್ಲಿ ಅದೇ ನಟ ಕನ್ನಗಳ್ಳನಾಗಿದ್ದ. ಮುದುಕಿಯೊಬ್ಬಳು ಗಾಬರಿಯಾಗಿ, "ಅವನ ಕೈಯಾಗ ಊರು ಹೆಂಗ ಕೊಟ್ಟರವ್ವ?" ಎಂದು ಕೇಳಿದಳು. ಅಕ್ಕ, "ಕಳುವು ಮಾಡಾವಂಗ ಕಳ್ಳರ ದಾರಿ ಗೊತ್ತಿರತಾವಲ್ಲ ಆಯಿ, ಅದಕ್ಕ ಕೊಟ್ಟಾರ" ಎಂದಳು. ಓಣಿ ನಕ್ಕು ನಕ್ಕು ಸುಸ್ತಾಯಿತು.

ಆ ಮಾತು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಾವಿಗೆ ಹೋಯಿತು, ಸಂತೆಗೆ ಹೋಯಿತು, ಹೋಗುತ್ತ ಹೋಗುತ್ತ ಅದರಲ್ಲಿದ್ದ ಬಯಸ್ಕೋಪು ಉದುರಿಹೋಯಿತು. ಠಾಣೆ ಮುಟ್ಟುವ ಹೊತ್ತಿಗೆ ಉಳಿದದ್ದು ಇಷ್ಟು: ಹೋದ ವಾರದ ಕಳ್ಳನೇ ಈ ವಾರದ ಕೊತ್ವಾಲ ಎಂದು ಮಾಸ್ತರರ ಹೆಂಡತಿ ಮಂದಿ ಕೂಡಿಸಿ ಹೇಳುತ್ತಾಳೆ. ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಊರಿಗೆ ಹೊಸಬರು. ವಯಸ್ಸು ಕಡಿಮೆ, ಮೈಯೂ ತೆಳ್ಳಗೆ, ಕನ್ನಡ ಒಂದು ಮಾತೂ ಬಾರದು. ಆ ಹುದ್ದೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಮಾತು ತನ್ನ ಮೇಲೆಯೇ ಎಂದುಕೊಂಡರು.

ಭಾವನನ್ನು ಠಾಣೆಗೆ ಕರೆಸಿದರು. ಸಂಜೆ ಮನೆಗೆ ಬಂದ ಭಾವ ತಲೆಯ ಟೋಪಿಯನ್ನೂ ತೆಗೆಯದೆ ಪಡಸಾಲೆಯಲ್ಲಿ ಕುಳಿತರು. ಅಕ್ಕ, ನಾನು ಬಾಗಿಲ ಹಿಂದೆ ನಿಂತಿದ್ದೆವು.

"ಅವ್ವಾ, ಮಂದಿ ಕೂಡಿಸಿ ತಕರೀರ್ ಮಾಡಬೇಕಂದ್ರ ಸರ್ಕಾರದ ಇಜಾಜತ್ ಬೇಕಂತ" ಎಂದು ಶುರುಮಾಡಿದರು. ತಕರೀರ್ ಎಂದರೆ ಭಾಷಣ, ಇಜಾಜತ್ ಎಂದರೆ ಪರವಾನಗಿ. ಆಗ ನಮ್ಮ ಸೀಮೆಯಲ್ಲಿ ನಾಲ್ಕು ಜನ ಕೂತು ಒಬ್ಬ ಎದ್ದು ಮಾತಾಡಿದರೆ ಅದಕ್ಕೂ ಪರವಾನಗಿ ಕೇಳುವ ಕಾಲ. "ಬಯಸ್ಕೋಪಿಗೆ ಇಜಾಜತ್ ಐತಿ, ಮಾತಿಗೆ ಇಲ್ಲಂತ. ಶುಕ್ರಾರ ಆ ಗೋದಾಮಿನಾಗ ಕಥಿ ಹೇಳೂದು ಕೇಳಿಸ್ತಂದ್ರ ನನ್ನ ನೌಕರಿಯಿಂದ ಬರ್ತರಫ್ ಮಾಡಿ ಮನಿಗೆ ಕಳಸ್ತೀನಿ ಅಂದಾರ."

ಮನೆಯ ಎಲ್ಲ ಬಾಯಿಗಳೂ ಆ ಸಂಬಳದ ಮೇಲೆಯೇ ಇದ್ದವು. ನನ್ನ ಗಂಡನ ಸಣ್ಣ ಅಂಗಡಿ ಆಗಿನ್ನೂ ಕಣ್ಣು ಬಿಡುತ್ತಿತ್ತು. ಬಾಗಿಲ ಹಿಂದಿನಿಂದ ಅಕ್ಕ, "ಅತ್ತೀ, ಅವರಿಗೆ ಹೇಳ್ರಿ, ನಾ ಒಂದು ಮಾತೂ ಆಡೂದಿಲ್ಲ. ದೇವರಾಣಿ" ಎಂದಳು. ಭಾವ, "ಆಕೀದೇನು ತಪ್ಪಿಲ್ಲವ್ವಾ" ಎಂದು ಎದ್ದು ಹೋದರು.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ಸೂತಕ ಹೊಕ್ಕಂತೆ. ಅಕ್ಕ ನೀರು ತಂದಳು, ಕಥೆ ತರಲಿಲ್ಲ. ರೊಟ್ಟಿ ದಪ್ಪ ದಪ್ಪ ಬಿದ್ದವು. ಅತ್ತೆ ತಟ್ಟೆಯ ಮುಂದೆ ಕುಳಿತು ರೊಟ್ಟಿಯನ್ನು ತಿರುಗಿಸಿ ನೋಡಿ, "ಬಾವಿಕಟ್ಟಿ ಮ್ಯಾಲೆ ಇವತ್ತ ಯಾರೂ ಸಿಗಲಿಲ್ಲೇನಬೇ?" ಎಂದು ತಾವಾಗಿಯೇ ಕೇಳಿದರು. ಅಕ್ಕ, "ಇಲ್ರಿ ಅತ್ತಿ" ಎಂದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಸುಮ್ಮನಿದ್ದ ಅಕ್ಕನನ್ನು ನೋಡುವುದು ನನ್ನಿಂದ ಆಗಲಿಲ್ಲ.

ಶುಕ್ರವಾರ ಬಂತು. "ನಾ ಬರೂದಿಲ್ಲ, ನೀವು ಹೋಗಿ ಬರ್ರಿ" ಎಂದು ಅಕ್ಕ ಒಲೆಯ ಮುಂದೆ ಕುಳಿತುಬಿಟ್ಟಳು. ಅತ್ತೆ ಸೀರೆ ತಂದು ಅವಳ ತೊಡೆಯ ಮೇಲೆ ಹಾಕಿದರು. "ಅಂವ ಬಾಯಿಗೆ ಕೀಲಿ ಹಾಕ್ಯಾನ, ಕಣ್ಣಿಗಿ ಹಾಕಿಲ್ಲಲ್ಲ? ಏಳು, ನಡಿ. ನೀ ಇಲ್ಲದ ನಾ ಯಾಕ ಹೋಗಲಿ?" ಎಂದರು. ಅತ್ತೆ ಹಾಗೆ ಹೇಳಿದ್ದನ್ನು ಕೇಳಿ ನನಗೇ ಆಶ್ಚರ್ಯವಾಯಿತು.

ಗೋದಾಮು ತುಂಬಿ ತುಳುಕುತ್ತಿತ್ತು. ಠಾಣೆಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಏನಾಗುತ್ತದೋ ನೋಡಬೇಕೆಂದು ಬೇರೆ ಓಣಿಗಳಿಂದಲೂ ಬಂದಿದ್ದರು. ಬಾಗಿಲಲ್ಲಿ ಪೊಲೀಸ್ ಜವಾನನೊಬ್ಬ ನಿಂತಿದ್ದ. ಆದರೆ ಹೆಂಗಸರ ಆಟ, ಅವನು ಒಳಗೆ ಬರುವಂತಿಲ್ಲ. ಅಮೀನ ಸಾಹೇಬರು ಅದಕ್ಕೂ ದಾರಿ ಮಾಡಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ಅವರ ತಾಯಿ. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿದ ದುಂಡು ಮುಖ, ಮದರಂಗಿ ಹಚ್ಚಿದ ಕೆಂಪು ಕೂದಲು, ತೊಡೆಯ ಮೇಲೆ ಎಲೆಯಡಿಕೆಯ ಹಿತ್ತಾಳೆ ಡಬ್ಬಿ. ಮಗ ಬೆಳೆದದ್ದು ಹೈದರಾಬಾದಿನಲ್ಲಾದರೂ ಆಕೆ ಹುಟ್ಟಿ ಬೆಳೆದದ್ದು ಕುಷ್ಟಗಿಯಲ್ಲಂತೆ, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದಂತೆ. ಯಾರಾದರೂ ಭಾಷಣ ಮಾಡಿದರೆ ಕೇಳಿ ಬಂದು ಹೇಳಬೇಕೆಂದು ಮಗ ಕಳಿಸಿದ್ದ. ಅವರನ್ನು ನೋಡಿ ಅಕ್ಕ ಕೊನೆಯ ಸಾಲಿಗೆ ಹೊರಟಳು. ಅತ್ತೆ ಕೈ ಹಿಡಿದು ಮುಂದೆಯೇ ಕೂಡಿಸಿಕೊಂಡರು.

ಬೆಳಕು ಬಿತ್ತು. ಮಳೆ ಸೋರುವ ಗುಡಿಸಲು, ಒಳಗೊಬ್ಬ ಹೆಂಗಸು, ಏನೋ ಹೇಳುತ್ತಿದ್ದಾಳೆ. "ಏನಂತ? ಏನಂತ?" ಎಂದು ಹಿಂದಿನಿಂದ ಗುಸುಗುಸು. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಪರದೆಯ ಮೇಲೆ ಕೂಸು ಹುಟ್ಟಿತು. ಆ ತಾಯಿ ಕೂಸನ್ನು ಹಳೆಯ ತೊಟ್ಟಿಲಲ್ಲಿ ಮಲಗಿಸಿ ಒಂದು ಸಲ ತೂಗಿದಳು.

ಆಗ ಅತ್ತೆ ನೆಟ್ಟಗೆ ಕುಳಿತರು. ನಮ್ಮಲ್ಲಿ ತೊಟ್ಟಿಲು ತೂಗುವಾಗ ಸುಮ್ಮನಿರುವ ಪದ್ಧತಿಯೇ ಇಲ್ಲ. ಬರಿದೇ ತೂಗಿದರೆ ಕೂಸಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಕೂಸು ಯಾರದೇ ಇರಲಿ, ಅಲ್ಲಿದ್ದ ಹೆಂಗಸರು ಹಾಡಲೇಬೇಕು. "ತೊಟ್ಟಿಲಕ್ಕ ಹಾಕಿದ ಮ್ಯಾಲೆ ಬಾಯಿ ಮುಚಗೊಂಡು ಕುಂದರತಾರೇನಬೇ?" ಎಂದು ಅತ್ತೆ ಒಡಕು ದನಿಯಲ್ಲಿ ಜೋ ಜೋ ಎಂದು ಎತ್ತಿಕೊಂಡೇಬಿಟ್ಟರು. ಅಕ್ಕ ಅತ್ತೆಯ ಮುಖ ನೋಡಿದಳು. ಕುರ್ಚಿಯ ಕಡೆ ನೋಡಿದಳು. ಬಾಯಿಂದ ಸೆರಗು ತೆಗೆದಳು.

"ಅಪ್ಪಿಲ್ಲದ ಕೂಸವ್ವ, ಹಳಿ ಮರದ ತೊಟ್ಟಿಲವ್ವ,
ಅವ್ವನ ಸೆರಗ ಹಾಸಿಗಿ, ಜೋ ಜೋ"

ಪದ ಎಂದ ಮೇಲೆ ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳಬೇಕು. ಮುಂದಿನ ಸಾಲು ಹೇಳಿತು, ನಡುವಿನ ಸಾಲು ಹೇಳಿತು, ಬಾಗಿಲ ಬಳಿಯ ಕೊನೆಯ ಮುದುಕಿಯೂ ಹೇಳಿದಳು. ಕೂಸಿಗೆ ಅಪ್ಪನಿಲ್ಲ, ಮನೆಯಲ್ಲಿ ಬಡತನ ಎಂಬುದು ಇಡೀ ಗೋದಾಮಿಗೆ ತಿಳಿದುಹೋಯಿತು. ನಮ್ಮ ಕಣ್ಣೆಲ್ಲ ಕುರ್ಚಿಯ ಮೇಲೆ. ಅಮೀನರ ತಾಯಿ ನಮ್ಮತ್ತ ತಿರುಗಿ ಗಂಟಲು ಸರಿಮಾಡಿಕೊಂಡರು. "ಹಾಡ್ರವ್ವಾ, ಹಾಡ್ರಿ. ಕೂಸು ಹುಟ್ಟಿದ ಮನಿ ಅದು" ಎಂದು ಎಲೆಯಡಿಕೆ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಿಡಿದರು.

ಅಯ್ಯೋ, ಆಮೇಲೆ ಕೇಳಬೇಕೆ! ಮನುಷ್ಯನ ಜೀವನದಲ್ಲಿ ನಮ್ಮ ಹೆಣ್ಣುಮಕ್ಕಳ ಹಾಡಿಲ್ಲದ ಗಳಿಗೆ ಯಾವುದಿದೆ? ಚಿತ್ರವೂ ಹುಟ್ಟಿನಿಂದ ಸಾವಿನವರೆಗೆ ಒಬ್ಬನ ಜೀವನ. ಹುಡುಗ ನಡೆಯಲು ಕಲಿತ, ಅದಕ್ಕೊಂದು ಪದ. ಜವಾನನಾಗಿ ಖಾಕಿ ತೊಟ್ಟ. ಅಕ್ಕ ಅವನಿಗೆ ಮದುಮಗನಿಗೆ ಅರಿಶಿನ ಹಚ್ಚುವ ಸೋಬಾನ ಹಾಡಿದಳು. ಮದುವೆಯಾಯಿತು, ಸರಿಯೇ ಸರಿ, ಎಲ್ಲರೂ ಎದ್ದು ನಿಂತು ಹಾಡಿದರು. ಅವನು ಕಳ್ಳರ ಬೆನ್ನು ಹತ್ತಿದಾಗ ಕೋಲಾಟದ ಪದ. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿಯಲು ಊರ ತುಂಬ ಗೂಢಚಾರರನ್ನು ಇಟ್ಟ ಸಂಗತಿ ಬಂದಾಗ, ಅಕ್ಕ ಅದನ್ನು ಬೀಗರನ್ನು ಹಾಸ್ಯ ಮಾಡುವ ಹಾಡಿಗೆ ಹೊಂದಿಸಿದಳು. ನಮ್ಮ ಹೊಟ್ಟೆ ಹುಣ್ಣಾಯಿತು. ಅಮೀನರ ತಾಯಿಯಂತೂ ನಗುತ್ತ ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೇರಿಸಿಕೊಂಡು, ಅತ್ತೆ ಅವರ ಬೆನ್ನು ತಟ್ಟಬೇಕಾಯಿತು.

ಕೊತ್ವಾಲ ದೊಡ್ಡವನಾದ. ದೊಡ್ಡ ಬಂಗಲೆ, ಸುತ್ತ ಪಹರೆ, ಎಲ್ಲರಿಗೂ ಅವನ ಹೆದರಿಕೆ. ಅವನಿಗೂ ಎಲ್ಲರ ಮೇಲೆ ಸಂಶಯ. ಹಳೆಯ ಗುಡಿಸಲಿನಲ್ಲಿ ತಾಯಿ ಬೀಸುತ್ತ ಕುಳಿತು ದಾರಿ ಕಾಯುತ್ತಾಳೆ, ಮಗ ಬರುವುದಿಲ್ಲ. ಅಕ್ಕ ದನಿ ಇಳಿಸಿ ಬೀಸುವ ಪದ ಎತ್ತಿದಳು.

"ಊರ ಬಾಗಿಲಿಗೆಲ್ಲ ಕಾವಲ ಇಟ್ಟಾನ,
ಹಡೆದವ್ವನ ಬಾಗಿಲಿಗಿ ಬರವೊಲ್ಲ ನನ ಮಗ,
ಉಂಡಾನೊ ಇಲ್ಲೊ ತಿಳಿವಲ್ದು"

ಡಬ್ಬಿಯ ಮೇಲಿನ ತಾಳ ನಿಂತಿತು. ನೋಡಿದರೆ ಆ ತಾಯಿ ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. "ಮತ್ತೊಮ್ಮಿ ಹಾಡವ್ವಾ ಅದನ್ನ" ಎಂದು ಅಕ್ಕನಿಗೆ ಹೇಳಿದರು. ಎರಡನೆಯ ಸಲ ಅವರೂ ಹಾಡಿದರು.

ಕೊನೆಗೆ ಕೊತ್ವಾಲ ಹಾಸಿಗೆ ಹಿಡಿದ. ಹೊರಗೆ ಸಾಲುಸಾಲು ಜವಾನರು, ಒಳಗೆ ಒಬ್ಬರೂ ಇಲ್ಲ. ತಾಯಿ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಳು. ಅಷ್ಟು ದೊಡ್ಡ ಮನುಷ್ಯ ಕೂಸಿನ ಹಾಗೆ ಅವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ. ಹಾಡಬೇಕೆಂದು ಅಕ್ಕ ಬಾಯಿ ತೆರೆದಳು. ದನಿ ಬರಲಿಲ್ಲ. ಕತ್ತಲೆಯಲ್ಲಿ ಅಷ್ಟೂ ಹೆಂಗಸರು ಕಾಯುತ್ತಿದ್ದಾರೆ. ಅಕ್ಕ ನನ್ನ ಕೈ ಹಿಡಿದು ಹಿಸುಕಿದಳು. ನನಗೆ ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.

"ಮಲಗ ನನ ಮಗನ, ಊರ ಕಾಯೂದು ಮುಗದೈತಿ,
ಇನ್ನ ಮ್ಯಾಲ ಅವ್ವ ಕಾಯತಾಳ, ಜೋ ಜೋ"

ಇಡೀ ಗೋದಾಮು ನನ್ನ ಸಾಲನ್ನು ತಿರುಗಿ ಹಾಡಿತು. ನನ್ನ ಸಾಲು! ಹೂಂ ಎನ್ನಲೂ ದನಿ ಎತ್ತದ ಬೇವೂರಿನ ಹುಡುಗಿಯ ಸಾಲು! ಅಳು ಮುಗಿಯುವ ಮೊದಲೇ ಅತ್ತೆ ಎದ್ದು, "ಶುಕ್ರಾರ ದಿನ ಅಳಕೋತ ಮನಿಗೆ ಹೋಗಬಾರ್ದು, ಆರತಿ ಪದ ಹಾಡ್ರಬೇ" ಎಂದು ಅಪ್ಪಣೆ ಮಾಡಿದರು. ಸತ್ತ ಕೊತ್ವಾಲನಿಗೆ ಆರತಿ ಹಾಡಿ, ಬಿಳಿ ಪರದೆಗೆ ದೃಷ್ಟಿ ತೆಗೆದು, ನಗುತ್ತ ಎದ್ದೆವು.

ಹೊರಗೆ ಬಿಸಿಲಿನಲ್ಲಿ ಅಮೀನ ಸಾಹೇಬರು ಕಾಯುತ್ತಿದ್ದರು. ಒಳಗಿನ ಗದ್ದಲ ಕೇಳಿ ಮುಖ ಕೆಂಪಾಗಿತ್ತು. ತಾಯಿಯನ್ನು ನೋಡಿದ ಕೂಡಲೇ ಉರ್ದುವಿನಲ್ಲಿ, ಯಾರು ತಕರೀರ್ ಮಾಡಿದರು ಎಂದು ಕೇಳಿದರು. ಭಾವನ ನೌಕರಿ ಆ ಮುದುಕಿಯ ನಾಲಗೆಯ ಮೇಲೆ ಕುಳಿತಿತ್ತು.

ಆಕೆ ಮಗನಿಗೆ ಉತ್ತರ ಕೊಟ್ಟದ್ದು ಕನ್ನಡದಲ್ಲಿ, ನಮಗೆಲ್ಲ ಕೇಳಲಿ ಎಂದೇ.

"ತಕರೀರ್ ಯಾರೂ ಮಾಡಿಲ್ಲಪ್ಪಾ. ಕೂಸು ಹುಟ್ತು, ಹಾಡಿದರು. ಮದುವಿ ಆತು, ಹಾಡಿದರು. ಸತ್ತ, ಅತ್ತರು. ಇದಕ್ಕೆಲ್ಲ ನಿನ್ನ ಇಜಾಜತ್ ಬೇಕೇನು?"

ಮಗನಿಗೆ ಒಂದೂ ತಿಳಿಯಲಿಲ್ಲ, ಬೆಪ್ಪನಂತೆ ನಿಂತ. ಆಗ ತಾಯಿ ಅದನ್ನೇ ಉರ್ದುವಿನಲ್ಲಿ ಹೇಳಿ, ಜೊತೆಗೆ ಇನ್ನೂ ಏನೋ ಸೇರಿಸಿದರು. ಅಮೀನ ಸಾಹೇಬರು ತಲೆ ತಗ್ಗಿಸಿ, "ಜೀ ಅಮ್ಮಾಜಾನ್" ಎಂದರು. ಬಾಗಿಲಲ್ಲಿದ್ದ ಜವಾನ ಗೋಡೆಯ ಕಡೆ ತಿರುಗಿ ಭುಜ ಅಲುಗಿಸಿಕೊಂಡು ನಗುತ್ತಿದ್ದ. ದಾರಿಯಲ್ಲಿ ನಾವು ಅಕ್ಕನನ್ನು ಕಾಡಿದೆವು, ಕೊನೆಗೆ ಏನು ಹೇಳಿದರು ಎಂದು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಧ್ಯಾನ ಊಟಕ್ಕ ಮನಿಗೆ ಬಂದು ಎಷ್ಟು ದಿನ ಆತು ನೀನು? ಮೊದ್ಲ ಮನಿಗೆ ನಡಿ, ಉಣ್ಣು, ಆಮ್ಯಾಲೆ ಊರು ಕಾಯಿ ಅಂದರು!"

ಅವತ್ತು ಸಂಜೆ ಭಾವ ಬಹಳ ಹೊತ್ತು ಪಡಸಾಲೆಯಲ್ಲಿ ಕೆಮ್ಮುತ್ತ ಕುಳಿತಿದ್ದರು. ನೌಕರಿ ಉಳಿಯಿತೆಂದು ಅವರಿಗೆ ಆಗಲೇ ತಿಳಿದಿತ್ತು. ಕೊನೆಗೆ ತಾಯಿಗೆ, "ಅವ್ವಾ, ಆ ಕೊತ್ವಾಲನ ಕಥಿ ಏನಿತ್ತು ಕೇಳು" ಎಂದರು. ಅತ್ತೆ ಸೊಂಟಕ್ಕೆ ಕೈ ಕೊಟ್ಟು, "ನಿನ್ನ ಹೇಣ್ತಿ ಹೇಳ್ಯಾಳು, ನೀನ ಕೇಳು. ನನಗ ದನಿ ಬಿದ್ದೈತಿ" ಎಂದು ಒಳಗೆ ಹೋಗಿಬಿಟ್ಟರು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮೊದಲು ಮೆಲ್ಲಗೆ, ಆಮೇಲೆ ಎಂದಿನ ದನಿಯಲ್ಲಿ, ಹಾಡಲ್ಲ, ಮಾತಿನಲ್ಲೇ ಇಡೀ ಕಥೆ ಹೇಳಿದಳು. ಭಾವ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಂದೇ. ಅಂದಿನಿಂದ ನಮ್ಮ ಮನೆಯಲ್ಲಿ ಅತ್ತೆಯ ಟಪಾಲು ಕೆಲಸ ತಪ್ಪಿತು.

ಗೋದಾಮಿನಲ್ಲಿ ಆಮೇಲೆ ಯಾವ ಚಿತ್ರ ಬಂದರೂ ನಾವು ಹಾಡಿಯೇ ನೋಡಿದೆವು. ಅಮೀನರ ತಾಯಿಯ ಕುರ್ಚಿ ಖಾಲಿ ಇದ್ದರೆ ಆಟ ಶುರುವಾಗುತ್ತಿರಲಿಲ್ಲ. ಮಗನಿಗೆ ಬೇರೆ ಊರಿಗೆ ವರ್ಗವಾದಾಗ ಆಕೆ ಅಕ್ಕನನ್ನು ತಬ್ಬಿಕೊಂಡು ಅತ್ತರು, ಅತ್ತೆಗೆ ತಮ್ಮ ಅಡಕತ್ತರಿ ಕೊಟ್ಟು ಹೋದರು. ಮುಂದೆ ರಾಜ್ಯ ಬದಲಾಯಿತು, ಶಾಲೆಗೆ ಕನ್ನಡ ಬಂತು, ಮಾತಾಡಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಕ್ಕನಿಗೆ ಮೊಮ್ಮಕ್ಕಳಾದರು, ನನಗೂ ಆದರು. ಮನೆ ಎರಡಾದರೂ ನಮ್ಮಿಬ್ಬರ ಒಲೆಗಳ ನಡುವೆ ಬಾಗಿಲು ಇಡಿಸಿಕೊಂಡಿದ್ದೆವು.

ಈಗ ನನ್ನನ್ನು ನೋಡಿದವರು, ಈ ಮುದುಕಿಗೆ ಬಾಯಿ ಬಹಳ ಎನ್ನುತ್ತಾರೆ. ಮಕ್ಕಳು, ಸೊಸೆಯಂದಿರು, ಹಾಲಿನವನು, ಎಲ್ಲರದೂ ಒಂದೇ ದೂರು. ಹೌದಪ್ಪ, ಬಹಳವೇ. ಇದನ್ನು ನನಗೆ ಕೊಟ್ಟವಳು ಅಕ್ಕ. ತವರಿನ ಬಂಗಾರ ಎಲ್ಲೆಲ್ಲೋ ಹೋಯಿತು. ಅವಳು ಕೊಟ್ಟದ್ದು ಮಾತ್ರ ಸವೆಯದೆ ನನ್ನ ಹತ್ತಿರ ಇದೆ.

ಕೊನೆಯ ಕಾಲದಲ್ಲಿ ಅವಳ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಮನೆಗೇ ಬಂದು ನೋಡಿ, ತೀರಾ ಸೋತಿದ್ದಾರೆ, ಮಾತಾಡಲೇಬಾರದು, ಒಂದು ಮಾತೂ ಬೇಡ ಎಂದು ಬೆರಳೆತ್ತಿ ಹೇಳಿ ಹೋದರು. ಮನೆಯವರೆಲ್ಲ ಹೂಂ ಎಂದು ತಲೆಯಾಡಿಸಿದರು. ನಾನು ಅವರನ್ನು ಹೊಸ್ತಿಲವರೆಗೆ ಕಳಿಸಿ ಒಳಗೆ ಬಂದೆ. ಅಕ್ಕ ಕಣ್ಣಿನಿಂದಲೇ ಹತ್ತಿರ ಕರೆದಳು. ಬಗ್ಗಿ ಕಿವಿಯಿಟ್ಟೆ.

"ಮಾತಾಡಬ್ಯಾಡ ಅಂದಾನ. ಹಾಡಬ್ಯಾಡ ಅಂದನೇನು?"

ನಾನು ಬಾಗಿಲು ಮುಂದೆ ಮಾಡಿ ಬಂದು ಅವಳ ಪಕ್ಕದಲ್ಲಿ ಕುಳಿತೆ. ಉಸಿರಿನಷ್ಟೇ ದನಿಯಲ್ಲಿ ಅವಳು ಒಂದು ಸಾಲು ಹಾಡಿದಳು. ಅದನ್ನು ನಾನು ಜೋರಾಗಿ, ಓಣಿಗೆಲ್ಲ ಕೇಳುವಂತೆ ತಿರುಗಿ ಹಾಡಿದೆ.